ಚೌಕದ ವೀರನಿಗೆ ನಾನು ಕೊಟ್ಟ ಮುಖ

ಕಾಗವಾಡದ ಚೌಕದಲ್ಲಿ ಕತ್ತಿ ಹಿಡಿದು ನಿಂತಿರುವ ವೀರನ ಮುಖ ಆ ವೀರನದಲ್ಲ. ಅದು ಜುಗೂಳದ ಪೈಲ್ವಾನ ಸಿದ್ದೂನ ಮುಖ. ಮಾಡಿದವಳು ನಾನು. ಅವನ ತಾಯಿ ಗುರುತಿಸಿ ಕೇಳಿದಾಗ ಅಲ್ಲವೆಂದವಳೂ ನಾನೇ.

ನಮ್ಮದು ಗಣಪತಿ ಮಾಡುವ ಮನೆತನ. ಬ್ರಿಟಿಷರ ವಿರುದ್ಧ ಕಾದಾಡಿ ಪ್ರಾಣ ಕೊಟ್ಟ, ಇಂದಿಗೂ ಹಾಡುಗಳಲ್ಲಿ ಬದುಕಿರುವ ಆ ವೀರನ ಮೂರ್ತಿ ಊರಿಗೆ ಬೇಕೆಂದಾಗ ಮಂಡಳಿಯವರು ಅಪ್ಪನ ಹತ್ತಿರ ಬಂದರು. ಅಪ್ಪ ಮಣ್ಣಿನಲ್ಲಿ ಮಾಡುವುದು, ಆಮೇಲೆ ಕೊಲ್ಹಾಪುರದಲ್ಲಿ ಎರಕ ಹೊಯ್ಯಿಸುವುದು ಎಂದು ಮಾತಾಯಿತು. ವೀರನ ಮುಖ ಹೇಗಿತ್ತೋ, ಕಂಡವರಿಲ್ಲ. ಮೈಕಟ್ಟಿಗಾದರೂ ಒಬ್ಬ ಬೇಕಲ್ಲ — ಕುಸ್ತಿ ಕಲಿಸುವ ತಾಲೀಮಿನಿಂದ ಸಿದ್ದೂನನ್ನು ಕಳಿಸಿದರು.

ಕತ್ತಿಯ ಬದಲು ಕಬ್ಬು ಹಿಡಿದು ಅವನು ನಮ್ಮ ಹಿತ್ತಲಿನಲ್ಲಿ ನಿಲ್ಲುತ್ತಿದ್ದ. ಬೇಸರವಾದರೆ ಆ ಕತ್ತಿಯನ್ನೇ ಸಿಗಿದು ತಿನ್ನುತ್ತಿದ್ದ, ಮಹಾರಾಯ! ನಾನು ಮಣ್ಣು ಹದ ಮಾಡುತ್ತ ನೋಡುತ್ತಿದ್ದೆ.

“ಮೈ ಅಷ್ಟ ನಂದು, ಮಾರಿ ಮಾತ್ರ ಮಂದೀದು. ಇದ್ಯಾವ ನ್ಯಾಯ ಬೇ?” ಎಂದು ಕಾಡುತ್ತಿದ್ದ.

“ನಿನ್ನ ಮಾರಿ ಇಟ್ರ ದನಾ ಬೆದರ್ತಾವ,” ಎನ್ನುತ್ತಿದ್ದೆ.

ಇಷ್ಟ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಆಡಬೇಕಿತ್ತು — ಎಷ್ಟು ಹೊತ್ತಿನ ಕೆಲಸ ಅದು!

ಮಳೆಗಾಲದಲ್ಲಿ ಕೃಷ್ಣಾ ಉಕ್ಕಿ ಬಂತು. ಎಮ್ಮೆ ಬಿಚ್ಚಲು ಹೋದ ಸಿದ್ದು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಮನೆಯೊಂದಿಗೆ ಅವನ ಫೋಟೊಗಳೂ ಹೊಳೆಯ ಪಾಲಾದವು.

ಮೂರ್ತಿಯ ಮುಖದ ಕೆಲಸ ಇನ್ನೂ ಉಳಿದಿತ್ತು. ಅಪ್ಪನ ಕಣ್ಣಿಗೆ ಪೊರೆ ಬಂದಿದ್ದರಿಂದ ಅದು ನನ್ನ ಪಾಲಿಗೆ ಬಂತು. ತಿಳಿದು ಮಾಡಿದೆನೋ, ಬೆರಳುಗಳೇ ಮಾಡಿದವೋ — ಇಲ್ಲ, ಸುಳ್ಳು ಸಾಕು. ಬೇಕೆಂದೇ ಮಾಡಿದೆ. ನನಗೆ ಅವನನ್ನು ಇನ್ನೊಮ್ಮೆ ನೋಡಬೇಕಿತ್ತು. ಅಪ್ಪ ಆ ಮುಖದ ಮೇಲೆ ಕೈಯಾಡಿಸಿ ಗದ್ದದ ಕುಳಿಯಲ್ಲಿ ಬೆರಳು ನಿಲ್ಲಿಸಿದ. “ಮೀಸಿ ಇನ್ನಷ್ಟ ದಪ್ಪ ಮಾಡವಾ,” ಎಂದ. ಅಷ್ಟೇ.

ಅನಾವರಣದ ದಿನ ಪರದೆ ಸರಿಯಿತು. ಜನ ಜಯಕಾರ ಹಾಕುತ್ತಿದ್ದಾಗ ಸಿದ್ದೂನ ತಾಯಿ ಗುಂಪು ಸೀಳಿಕೊಂಡು ಬಂದರು. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. “ಯಪ್ಪಾ, ಸಿದ್ದೂ!” ಎಂದು ಚೀರಿದರು. ಕೆಲವರು ನಕ್ಕರು. ಆಯಿ ಬಂದು ನನ್ನ ರಟ್ಟೆ ಹಿಡಿದರು.

“ನಿಮ್ಮ ಮನ್ಯಾಗ ಮಾಡೀರಿ, ನೀನ ಹೇಳವಾ — ಇಂವಾ ನನ್ನ ಮಗಾ ಹೌದಲ್ಲೊ?”

ಹೌದೆಂದರೆ ಮಂಡಳಿಯವರು ಮೂರ್ತಿಯನ್ನೇ ಇಳಿಸುತ್ತಿದ್ದರೋ ಏನೋ. ನನ್ನ ಹೆದರಿಕೆ ಅದಲ್ಲ. ಮದುವೆಯಾಗದ ಹುಡುಗಿಗೆ ಆ ಮುಖ ಇಷ್ಟು ಬಾಯಿಪಾಠ ಹೇಗೆ ಎಂದು ಊರು ಕೇಳುತ್ತಿತ್ತು. ನಿಪ್ಪಾಣಿಯ ಸಂಬಂಧ ಆಗಲೇ ನಿಶ್ಚಯವಾಗಿತ್ತು...

“ಅಲ್ರಿ ಆಯಿ. ನಿಮಗ ಹಂಗ ಕಾಣಾಕತ್ತೈತಿ,” ಎಂದೆ.

ಆ ಮಾತು ಅವರಿಗೆ ಹುಚ್ಚಿ ಎಂಬ ಹೆಸರು ತಂದಿತು. ರೊಟ್ಟಿ ಕಟ್ಟಿಕೊಂಡು ಬಂದು ಮೂರ್ತಿಯ ಕಟ್ಟೆಯ ಮೇಲೆ ಇಟ್ಟರೆ ಮಂದಿ ಕೇಕೆ ಹಾಕಿ ನಗುತ್ತಿದ್ದರು. ಕಡೆಗೆ ಹಿರಿಯ ಮಗ ಅವರನ್ನು ಮನೆ ಬಿಟ್ಟು ಹೊರಡಲು ಬಿಡಲಿಲ್ಲ. ನಾನೋ — ನಿಪ್ಪಾಣಿಯಿಂದ ತವರಿಗೆ ಬಂದಾಗಲೆಲ್ಲ ಚೌಕದಲ್ಲಿಯೇ ಬಸ್ಸಿಳಿದು ಕಣ್ತುಂಬ ನೋಡುತ್ತಿದ್ದೆ. ಗದ್ದದ ಆ ಕುಳಿ, ನಗು ತಡೆದಾಗ ಬಿಗಿಯಾಗುತ್ತಿದ್ದ ಆ ತುಟಿ... ಎಲ್ಲರೂ ವೀರನಿಗೆ ಕೈಮುಗಿದರೆ ನಾನು ಸಿದ್ದೂನಿಗೆ ಮುಗಿಯುತ್ತಿದ್ದೆ. ತಾಯಿಗೆ ಇಲ್ಲವೆಂದದ್ದನ್ನು ನಾನೊಬ್ಬಳೇ ಇಟ್ಟುಕೊಂಡೆ. ನನ್ನ ಮಕ್ಕಳು ದೊಡ್ಡವರಾದರು. ಯಾರಾದರೂ ಕಬ್ಬು ಸಿಗಿಯುವುದನ್ನು ಕಂಡರೆ ಈಗಲೂ ಅವನೇ ಎಂದು ನಿಂತು ನೋಡುತ್ತೇನೆ. ನನಗೇ ಹೀಗಾದರೆ ಹೆತ್ತವರಿಗೆ ಹೇಗಿರಬೇಡ?

ಹೋದ ವಾರ ಜುಗೂಳಕ್ಕೆ ಹೋದೆ. ಆಯಿ ಪಡಸಾಲೆಯಲ್ಲಿ ಕೂತಿದ್ದರು. ಹಿರಿಯ ಮಗನ ಎದುರಿಗೇ ಹೇಳಿದೆ:

“ಆಯಿ, ನಾ ಅವತ್ತ ಸುಳ್ಳ ಹೇಳೀನ್ರಿ. ಅದು ಸಿದ್ದೂನ ಮಾರಿ. ನಾನ ಮಾಡೀನಿ. ಅಂವಾ ಅಂದ್ರ ನನಗ ಭಾಳ ಜೀವ ಇತ್ತು.”

ಕಾಲು ಹಿಡಿಯಲು ಬಾಗಿದೆ. ಆಯಿ ಕಾಲು ಹಿಂದಕ್ಕೆ ಎಳೆದುಕೊಂಡರು. ನನ್ನ ಕಡೆ ನೋಡದೆ ಮಗನ ಕಡೆ ತಿರುಗಿದರು.

“ಕೇಳಿದೇನಪಾ? ನನಗ ಹುಚ್ಚ ಹಿಡಿದಿದ್ದಿಲ್ಲ.”

ಆಮೇಲೆ ಗೋಡೆ ಹಿಡಿದು ಎದ್ದರು, ಚಪ್ಪಲಿ ಮೆಟ್ಟಿಕೊಂಡರು, ಕಾಗವಾಡದ ಬಸ್ ನಿಲ್ಲುವ ಕಡೆಗೆ ನಡೆದರು. ಮಗ ತಡೆಯಲಿಲ್ಲ. ಕ್ಷಮಿಸಲಿ ಎಂದು ಕೇಳುವ ಮುಖ ನನಗಿಲ್ಲ. ಹಿಂದೆ ಹೋಗಬೇಕೆನಿಸಿತು — ಹೋಗಲಿಲ್ಲ. ಇನ್ನು ನಾನು ಆ ಚೌಕದಲ್ಲಿ ಇಳಿಯುವುದಿಲ್ಲ. ಅವನನ್ನು ಆಯಿಯೊಬ್ಬರೇ ಕಣ್ತುಂಬ ನೋಡಲಿ.