ಗುಬ್ಬಿಯಲ್ಲಿ ನಾನು ದ್ವಾರಪಾಲಕನಾದದ್ದು

ಗುಬ್ಬಿಗೆ ಬಂದ ಮೊದಲ ಸಂಜೆ ಟ್ರಂಕ್ ಇಳಿಸುತ್ತಿದ್ದೆ. ಮಹಡಿಯ ಮೇಲಿಂದ ಗಂಡುದನಿಯೊಂದು ಗುಡುಗಿತು: "ಎಲೈ ಭಟರೇ, ಈ ಪರದೇಶಿಯ ಶಿರವನ್ನು ಛೇದಿಸಿರಿ." ವಿಜಯಪುರದಿಂದ ಬಂದು ಗಂಟೆಯಾಗಿರಲಿಲ್ಲ; ಪರದೇಶಿ ಎಂದರೆ ನಾನೇ ಅನ್ನಿಸಿತು. ಬೆಳ್ಳುಳ್ಳಿ ಸುಲಿಯುತ್ತಿದ್ದ ಮನೆಯೊಡತಿ ಗಂಗಮ್ಮ ತಲೆಯೆತ್ತಲೂ ಇಲ್ಲ. "ಹೆದರ್ಕೋಬ್ಯಾಡ ಕಣಪ್ಪ, ನಮ್ಮನೆಯವ್ರು. ರಾಜನ ಪಾರ್ಟು ತಗೊಂಡವ್ರೆ."

ಪಾರ್ಟು ಎಂದರೆ ನಾಟಕದ ಪಾತ್ರ. ನಮ್ಮ ಕಡೆ ಸಂಜೆ ಗಂಡಸರು ಕಟ್ಟೆಯ ಮೇಲೆ ಕೂತು ಊರ ಮಂದಿಯನ್ನು ಆಡಿಕೊಳ್ಳುತ್ತಾರೆ. ಇಲ್ಲಿ ಹಾರ್ಮೋನಿಯಂ ಸುತ್ತ ಕೂತು ರಾಜ, ಮಂತ್ರಿ ಆಗುತ್ತಾರೆ. ಹಗಲೆಲ್ಲ ಸಿಮೆಂಟ್ ಮಾರುವ ನಮ್ಮ ಓನರ್ ಬಸವರಾಜಣ್ಣ ಸಂಜೆ ಲುಂಗಿಯಲ್ಲೇ ಚಕ್ರವರ್ತಿ.

ಊಟದಲ್ಲೂ ಹೊಸ ಪಾಠ. ರೊಟ್ಟಿ ತಿಂದ ಹಲ್ಲು ಮುದ್ದೆಯನ್ನೂ ಅಗಿಯಿತು. "ನುಂಗಪ್ಪ, ಅದೇನು ಬಬಲ್‌ಗಮ್ಮಾ?" ಎಂದರು ಗಂಗಮ್ಮ. ನುಂಗಿದೆ. ಕಣ್ಣಲ್ಲಿ ನೀರು ಬಂತು, ಆದರೆ ಒಳಗೆ ಹೋಯಿತು.

ನನಗೊಂದು ರೋಗವಿದೆ, ಮಿಮಿಕ್ರಿ; ಹೆಡ್‌ಮಾಸ್ತರರಿಂದ ಸೋದರಮಾವನವರೆಗೆ ಯಾರ ದನಿಯನ್ನೂ ಕದಿಯದೆ ಬಿಟ್ಟವನಲ್ಲ. ಬಿದರೆಹಳ್ಳಿ ಕಾವಲ್ ಹತ್ತಿರದ ವರ್ಕ್‌ಶಾಪಿನಲ್ಲಿ ಫಿಟರ್ ಕೆಲಸ ಸಿಕ್ಕಿತ್ತು. ಮನೆ ಮಾತ್ರ, ಮದುವೆಯಾಗದವನೆಂದು ಫೋನಿನಲ್ಲೇ ನಾಲ್ಕು ಕಡೆ ತಪ್ಪಿತ್ತು. ಐದನೆಯದನ್ನಾದರೂ ಉಳಿಸಿಕೊಳ್ಳಬೇಕಿತ್ತಲ್ಲ? ಒಂದು ಭಾನುವಾರ ಗಂಗಮ್ಮನವರನ್ನು ಮೆಚ್ಚಿಸಲು ಅವರ ಗಂಡನದೇ ದನಿ ತೆಗೆದು, ಲುಂಗಿ ಎತ್ತಿಕಟ್ಟಿ ಗರ್ಜಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ಪಟ್ಟನೆ ನಿಂತಿತು. ಮೆಟ್ಟಿಲ ಮೇಲೆ ಚಕ್ರವರ್ತಿ.

"ಚೆನ್ನಾಗೈತೆ," ಎಂದರು. "ದ್ವಾರಪಾಲಕನ ಪಾರ್ಟು ಖಾಲಿ ಬಿದ್ದೈತೆ. ನಾಳೆ ಪ್ರಾಕ್ಟೀಸಿಗೆ ಬಾ. ಇಲ್ಲ ಅಂದ್ರೆ ರೂಮ್ ಖಾಲಿ ಮಾಡು."

ನನಗಿದ್ದದ್ದು ಒಂದೇ ಮಾತು: ಮಹಾಪ್ರಭು, ದೂತರು ಬಂದಿದ್ದಾರೆ. ಬಸವರಾಜಣ್ಣನ ದನಿಯಲ್ಲೇ ಹೇಳಿದೆ. ಹಾರ್ಮೋನಿಯಂ ಮೇಷ್ಟ್ರು ಬಾರಿಸುವುದನ್ನು ನಿಲ್ಲಿಸಿದರು. "ಇದು ಓನರ್ ದನಿ. ನಿಂದೆಲ್ಲಿ ಮಡಗಿದ್ದೀಯ?"

ಹುಡುಕಿದೆ. ಹೆಡ್‌ಮಾಸ್ತರರು ಬಂದರು, ಸೋದರಮಾವ ಬಂದ, ನಾನು ಬರಲಿಲ್ಲ. ಕೊನೆಗೆ ನಮ್ಮೂರ ಮಾತಿನಲ್ಲೇ ಹೊರಟದ್ದು, "ಮಹಾಪ್ರಭು, ದೂತರು ಬಂದಾರ್ರೀ."

ಎಲ್ಲರೂ ನಕ್ಕರು. ಅಷ್ಟು ವರ್ಷ ನಾನು ಬೇರೆಯವರಿಗೆ ಮಾಡಿದ್ದು ಹೇಗಿರುತ್ತದೆಂದು ಅವತ್ತು ತಿಳಿಯಿತು, ಕಿವಿ ಬಿಸಿಯಾಯಿತು. ಇನ್ನು ಟ್ರಂಕ್ ಕಟ್ಟುವುದೇ ಅಂದುಕೊಂಡೆ. ಬಸವರಾಜಣ್ಣ ಕಣ್ಣೊರೆಸಿಕೊಂಡು, "ಹಂಗೇ ಇರ್ಲಿ ಮೇಷ್ಟ್ರೇ. ಇವ್ನು ಬಂದಾರ್ರೀ ಅಂದ್ರೆ ನಾನೇ ಎದ್ದು ನಿಂತ್ಕೋಬೇಕು ಅನ್ನಿಸ್ತದೆ," ಎಂದರು. ರೂಮ್ ಉಳಿಯಿತು.

ನಾಟಕದ ಮರುದಿನವೇ ಊರಲ್ಲಿ ಅಕ್ಕನ ಕುಬಸ, ಅಂದರೆ ಸೀಮಂತ. ಅವ್ವ ಫೋನಿನಲ್ಲಿ ಸಿಡುಕಿದಳು. "ಮೂರ ದಿನ ಮೊದಲ ಬಾ. ನೀ ಅಲ್ಲಿ ಮಂದಿ ಅರಮನಿ ಬಾಗಲಾ ಕಾಕೋತ ನಿಂತ್ರ, ಇಲ್ಲಿ ನಮ್ಮ ಬಾಗಲದಾಗ ಯಾರ ನಿಂದರಬೇಕು?"

"ನಾಟ್ಕ ಮುಗಿಸ್ಕೊಂಡು ಬತ್ತೀನಿ ಬುಡವ್ವ," ಎಂದೆ.

ಅವ್ವ ನಕ್ಕಳು. "ಇದ್ಯಾರ ದನಿ ತಗದೀಯೋ ಈಗ?"

ನಾನು ಯಾರದನ್ನೂ ತೆಗೆದಿರಲಿಲ್ಲ.