ಪಾಯಪ್ಪ ಶೆಟ್ಟರ ಮಂತ್ರಿಗಿರಿ

ಮೊನ್ನೆ ಬೆಳಿಗ್ಗೆ ಪತ್ರಿಕೆ ಓದುತ್ತ ಸ್ವಲ್ಪ ಜೋರಾಗಿಯೇ ಕೂಗಾಡಿದೆ. ಯಾರೋ ಮಂತ್ರಿಗಳು ಸದನದಲ್ಲಿ ಎದ್ದು ನಿಂತು, ಆದ ತಪ್ಪಿಗೆಲ್ಲ ಕೆಳಗಿನ ಅಧಿಕಾರಿಗಳೇ ಹೊಣೆ ಎಂದು ಹೇಳಿ ಕೂತುಬಿಟ್ಟಿದ್ದರು. "ನಾಚಿಕೆ ಬೇಡವೇ ಇವರಿಗೆ!" ಎಂದು ಪತ್ರಿಕೆಯನ್ನು ಮೇಜಿಗೆ ಬಡಿದೆ. ಅದೇ ಹೊತ್ತಿಗೆ, ಒಳಗೆ ಹಳೆಯ ಟ್ರಂಕು ಖಾಲಿ ಮಾಡುತ್ತಿದ್ದ ನನ್ನ ಹೆಂಡತಿ ಒಂದು ಜರಿಪೇಟ ಹಿಡಿದುಕೊಂಡು ಹೊರಗೆ ಬಂದಳು. "ಇದ್ಯಾರ್ದು? ನಿಮ್ದಂತೂ ಅಲ್ಲ, ನಿಮ್ಮ ತಲೆಗೆ ದೊಡ್ಡದಾಯ್ತು." ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನನ್ನ ಕೂಗಾಟ ಅಲ್ಲಿಗೇ ನಿಂತುಹೋಯಿತು.

ಅದು ಮಂತ್ರಿಯೊಬ್ಬರ ಪೇಟ. ನೀವು ನಗಬಹುದು, ಆದರೆ ಮೈಸೂರು ಸಂಸ್ಥಾನದಲ್ಲಿ ಜನರ ಪ್ರಶ್ನೆಗೆ ತಲೆಬಾಗಿ ರಾಜೀನಾಮೆ ಕೊಟ್ಟ ಮೊದಲ ಮಂತ್ರಿ ಅವರೇ ಎಂದು ನಾನು ಈಗಲೂ ವಾದಿಸಬಲ್ಲೆ. ಹೆಸರು ಪಾಯಪ್ಪ ಶೆಟ್ಟರು. ಕಸುಬು ಜವಳಿ ವ್ಯಾಪಾರ.

ಎರಡನೆಯ ಮಹಾಯುದ್ಧದ ಕಾಲ ಅದು. ದಸರೆಗೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು. ನಮ್ಮ ತಾಲ್ಲೂಕಿನ ಪ್ರತಿನಿಧಿಗಳೂ ಹೋಗಿ ಪ್ರಶ್ನೆ ಕೇಳಿ ಬರುತ್ತಿದ್ದರು. ಕೇಳುವುದಷ್ಟೇ ಅವರ ಹಕ್ಕು. ಉತ್ತರ ಹಿಡಿಸದಿದ್ದರೆ ಸರ್ಕಾರವನ್ನು ಇಳಿಸುವುದು ಅವರ ಕೈಯಲ್ಲಿರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕು ಎಂಬ ಮಾತು ಸಾಗರ, ತೀರ್ಥಹಳ್ಳಿಗಳನ್ನು ದಾಟಿ, ರಿಪ್ಪನ್‌ಪೇಟೆಯ ಆಚೆಗಿನ ನಮ್ಮ ಸಣ್ಣ ಊರಿಗೂ ಬಂದಿತ್ತು. ಮೈಸೂರಿನವರು ಕೊಡುವ ತನಕ ಕಾಯುವುದೇಕೆ ಎಂದು ನಾವೇ ಒಂದನ್ನು ಮಾಡಿಕೊಂಡೆವು. ಭಾನುವಾರ ಮಧ್ಯಾಹ್ನ, ಶೆಟ್ಟರ ಅಂಗಡಿಯ ಹಿಂದಿನ ಹಜಾರದಲ್ಲಿ ಅಣಕು ಶಾಸನಸಭೆ. ಹೆಡ್ಮಾಸ್ಟರು ಅಧ್ಯಕ್ಷರು. ತೋಟದ ಗಣಪಯ್ಯನವರು ವಿರೋಧ ಪಕ್ಷ. ಜರಿಪೇಟ ಇದ್ದದ್ದು ಶೆಟ್ಟರೊಬ್ಬರ ಹತ್ತಿರ, ಅದೂ ಮದುವೆಯದು. ಹಾಗಾಗಿ ಅವರೇ ಮಂತ್ರಿಗಳು. ಪ್ರೈಮರಿ ಶಾಲೆಯ ಮೇಷ್ಟರಾಗಿದ್ದ ನನ್ನ ಅಕ್ಷರ ದುಂಡಗಿತ್ತು ಎಂಬ ಒಂದೇ ಕಾರಣಕ್ಕೆ ನಾನು ಕಾರ್ಯದರ್ಶಿ. ಆ ಅಕ್ಷರದ ಬಗ್ಗೆ ನನಗೆ ಎಷ್ಟು ಜಂಬವಿತ್ತು ಎಂದರೆ, ಮನೆಯ ದಿನಸಿ ಚೀಟಿಯನ್ನೂ ಎರಡು ಸಲ ಬರೆಯುತ್ತಿದ್ದೆ.

ಶೆಟ್ಟರು ಜೈನರು. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗಿಡುತ್ತಿರಲಿಲ್ಲ. ಆದ್ದರಿಂದ ಎಂಥ ಘನವಾದ ಪ್ರಶ್ನೆ ಬಿದ್ದಿರಲಿ, ಸಂಜೆ ಐದೂವರೆಗೆ ಊಟದ ಕರೆಯಾಗಿ ಮನೆಯ ಒಳಬಾಗಿಲಿನ ಚಿಲಕ ಸದ್ದಾಗುತ್ತಿತ್ತು, ಸರ್ಕಾರ ಊಟಕ್ಕೆ ಏಳುತ್ತಿತ್ತು. ಕಷ್ಟದ ಪ್ರಶ್ನೆಗಳೆಲ್ಲ ಐದೂಕಾಲಿನ ನಂತರವೇ ಬರುವ ಹಾಗೆ ಶೆಟ್ಟರು ಮಾತು ಬೆಳೆಸುತ್ತಾರೆ ಎಂಬುದು ಗಣಪಯ್ಯನವರ ಆರೋಪ. ಅದರಲ್ಲಿ ಸತ್ಯವೂ ಇತ್ತು. ಬಟ್ಟೆ ಅಳೆದು ಅಳೆದು ಅವರಿಗೆ ಮಾತನ್ನೂ ಎಳೆಯುವುದು ಅಭ್ಯಾಸವಾಗಿತ್ತು. ಏನೂ ತೋಚದಿದ್ದರೆ "ವಿಷಯ ಸರ್ಕಾರದ ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದರು. ಈ ಮಾತು ಅವರಿಗೆ ಎಷ್ಟು ಒಗ್ಗಿಹೋಯಿತೆಂದರೆ, ಅಂಗಡಿಯಲ್ಲಿ ಯಾರಾದರೂ ಹೊಸ ಸೀರೆ ಬಂತೇ ಎಂದು ಕೇಳಿದರೂ ಅದನ್ನೇ ಹೇಳಿ ತಾವೇ ನಗುತ್ತಿದ್ದರು.

ಆ ವರ್ಷ ನಮ್ಮ ಸಭೆಗೆ ಪದೇಪದೇ ಬಂದ ಪ್ರಶ್ನೆ ಒಂದೇ. ಊರಿನ ಔಷಧಾಲಯದಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ ವರ್ಗವಾಗಿ ವರ್ಷ ದಾಟಿತ್ತು. ಬದಲಿಗೆ ಯಾರೂ ಬಂದಿರಲಿಲ್ಲ. ಗಣಪಯ್ಯನವರು ಮೊದಲ ಸಲ ಕೇಳಿದಾಗ ಪರಿಶೀಲನೆಯಲ್ಲಿತ್ತು. ಎರಡನೆಯ ಸಲ ಕೇಳಿದಾಗ, ಅಣಕು ಸಾಕು, ನಿಜವಾದ ಅರ್ಜಿಯನ್ನೇ ಬರೆದು ದಸರೆಗೆ ಹೊರಡುವ ಪ್ರತಿನಿಧಿಗಳ ಕೈಗೆ ಕೊಡತಕ್ಕದ್ದು ಎಂದು ಠರಾವಾಯಿತು. ಕೆಲಸ ನನಗೆ ಬಿತ್ತು.

ಬರೆದೆ. ಮೈಸೂರಿಗೆ ಹೋಗುವ ಕಾಗದ ನೋಡಿ! ಒಂದು ಸಾಲು ಓರೆಯಾಯಿತೆಂದು ಇನ್ನೊಂದು ಪ್ರತಿ ಮಾಡಿದೆ. ಅದರಲ್ಲಿ ಶಾಯಿ ಹರಡಿತು. ಮೂರನೆಯದರಲ್ಲಿ ಒಕ್ಕಣೆ ಸಪ್ಪೆ ಎನ್ನಿಸಿತು. ನಾಲ್ಕನೆಯ ಪ್ರತಿ ನನಗೇ ಮೆಚ್ಚುಗೆಯಾಗುವ ಹೊತ್ತಿಗೆ ಪ್ರತಿನಿಧಿಗಳು ಹೊರಟು ಎರಡು ದಿನವಾಗಿತ್ತು. ಅಂಚೆಗಾದರೂ ಹಾಕಬಹುದಿತ್ತು. ತಡವಾಯಿತೆಂದು ಹೇಳಲು ನಾಚಿ, ಅರ್ಜಿಯನ್ನು ಶಾಲೆಯ ಮೇಜಿನ ಡ್ರಾಯರಿಗೆ ಸೇರಿಸಿದೆ. ಯಾರೂ ಕೇಳಲಿಲ್ಲ. ಸಭೆಯಲ್ಲಿ ಅಷ್ಟು ಚೆನ್ನಾಗಿ ಚರ್ಚೆಯಾದ ವಿಷಯ ಮುಗಿದೇಹೋಯಿತು ಎಂದು ಎಲ್ಲರೂ ನಂಬಿದ್ದರು.

ದಸರೆ ಕಳೆದು ಸಭೆ ಸೇರಿದಾಗ ಪ್ರಶ್ನೆ ಮೂರನೆಯ ಸಲ ಬಂತು. ಶೆಟ್ಟರು ಪೇಟ ಸರಿಮಾಡಿಕೊಂಡು "ಪರಿಶೀಲನೆಯಲ್ಲಿದೆ" ಎಂದರು. ಗಣಪಯ್ಯನವರಿಗೆ ಸಿಟ್ಟು ಬಂದರೆ ಮನೆಮಾತಾದ ಹವ್ಯಕವೇ ಹೊರಡುತ್ತಿತ್ತು, 'ನಾವು' ಹೋಗಿ 'ಎಂಗೊ' ಬರುತ್ತಿತ್ತು.

"ಎಂತ ಪರಿಶೀಲನೆ? ಎಂಗೊ ಇನ್ನೆಷ್ಟು ಸಲ ಕೇಳವು? ಉತ್ತರ ಇಲ್ಲೆ ಅಂದ್ರೆ ಇಲ್ಲೆ ಅನ್ನಿ!"

ಎಲ್ಲರೂ ನಕ್ಕರು. ಗಂಟೆ ಐದೂವರೆ. ಒಳಬಾಗಿಲಿನ ಚಿಲಕ ಸದ್ದಾಯಿತು, ಜೊತೆಗೆ ಯಾರೂ ನಿರೀಕ್ಷಿಸದ ದನಿಯೂ ಬಂತು. ಶೆಟ್ಟರ ಹೆಂಡತಿ ಪದ್ಮಾವತಮ್ಮನವರದು.

"ಅಧ್ಯಕ್ಷರೇ, ನಂದೊಂದು ಉಪಪ್ರಶ್ನೆ. ಅರ್ಜಿ ಮೈಸೂರಿಗೆ ಹೋಯ್ತಾ, ಇಲ್ವಾ? ಹೋಗಿದ್ರೆ ಯಾರ ಕೈಲಿ ಹೋಯ್ತು? ಅಷ್ಟು ಹೇಳ್ಲಿ, ಸಾಕು. ಚಂದ್ರಮತಿಗೆ ಎಂಟು ತುಂಬ್ತು."

ಚಂದ್ರಮತಿ ಅವರ ಒಬ್ಬಳೇ ಮಗಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಗು ನಿಂತಿತು. ಶೆಟ್ಟರು ನನ್ನ ಕಡೆ ನೋಡಿದರು. ನಾನು ಶಾಯಿ ಕುಡಿಕೆಯನ್ನು ನೋಡಿದೆ. ಅವರಿಗೆ ಅರ್ಥವಾಯಿತು. ಎದ್ದು ನಿಂತರು.

"ಹೋಗ್ಲಿಲ್ಲ ಅಧ್ಯಕ್ಷರೇ. ಇಲ್ಲೇ ಉಳೀತು."

"ಯಾರು ಉಳಿಸಿದ್ದು? ಹೆಸರು ಹೇಳಿ!" ಎಂದರು ಗಣಪಯ್ಯನವರು.

"ಹೆಸರು ಹೇಳಕ್ಕೆ ನನ್ನ ಇಲ್ಲಿ ಕೂರ್ಸಿದ್ರಾ? ಮಂತ್ರಿ ನಾನು, ತಪ್ಪೂ ನಂದೇ. ಕಳ್ಸಿದ್ರಾ ಅಂತ ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ."

ಪೇಟ ತೆಗೆದು ಮೇಜಿನ ಮೇಲಿಟ್ಟರು. ನಾನು ಏಳಬೇಕಿತ್ತು. ಏಳಲಿಲ್ಲ. ನಡಾವಳಿ ಪುಸ್ತಕದಲ್ಲಿ ನನ್ನ ದುಂಡಕ್ಷರದಲ್ಲಿ ಬರೆದೆ: "ಅರ್ಜಿ ಕಳುಹಿಸದಿದ್ದ ತಪ್ಪನ್ನು ಮಂತ್ರಿಗಳು ಒಪ್ಪಿಕೊಂಡು ರಾಜೀನಾಮೆ ಇತ್ತರು."

ಎಲ್ಲರೂ ಹೋದ ಮೇಲೆ ಮೆಲ್ಲಗೆ ಹತ್ತಿರ ಹೋದೆ. ಶೆಟ್ಟರು ಕಿಟಕಿಯ ಕೊನೆಯ ಬೆಳಕಿನಲ್ಲಿ ತಾವೇ ಅರ್ಜಿ ಬರೆಯುತ್ತಿದ್ದರು, ಕೋಳಿ ಕೆದರಿದಂಥ ಅಕ್ಷರ. ಹೊತ್ತು ಮುಳುಗಿತ್ತು. ಅವತ್ತು ಅವರ ಊಟ ತಪ್ಪಿತು.

"ಶೆಟ್ರೆ, ಅದು ನಾನು..."

"ಗೊತ್ತು ಮೇಷ್ಟ್ರೆ. ಕೂತ್ಕಳಿ. ಇದನ್ನ ನಾಳೆ ಟಪಾಲಿಗೆ ಹಾಕ್ಬೇಕು, ತಪ್ಪಿದ್ರೆ ಹೇಳಿ."

ಒಂದು ಗಟ್ಟಿ ಮಾತಿಲ್ಲ. ಬೈದಿದ್ದರೆ ನಾನು ಬೇಗ ಮರೆತುಬಿಡುತ್ತಿದ್ದೆನೇನೋ.

ಆ ವಾರವೇ ಚಂದ್ರಮತಿಯನ್ನು ಸಾಗರದ ನೆಂಟರ ಮನೆಗೆ ಕರೆದೊಯ್ದರು. ಆ ಊರಿನ ಆಸ್ಪತ್ರೆಯಲ್ಲಿ ನರ್ಸಮ್ಮ ಇದ್ದಳು. ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಏರು ಬಂದಲ್ಲೆಲ್ಲ ಕೆಮ್ಮಿ ನಿಲ್ಲುತ್ತಿತ್ತು. ಶಾಲೆಗೆ ರಜೆ ಹಾಕಿ ನಾನೂ ಹೋಗಿದ್ದೆ. ಶೆಟ್ಟರ ಪಕ್ಕದಲ್ಲೇ ನಿಂತು ಬಸ್ಸು ತಳ್ಳಿದೆ. ತಿಂಗಳೊಪ್ಪತ್ತಿಗೆ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಸುಖ. ಮುಂದಿನ ವರ್ಷ, ಆ ಕೋಳಿ ಕೆದರಿದ ಅರ್ಜಿಗೇ ಇರಬೇಕು, ನಮ್ಮೂರಿಗೂ ನರ್ಸಮ್ಮ ಬಂದಳು. ಶೆಟ್ಟರು ಮಾತ್ರ ಮತ್ತೆ ಪೇಟ ಮುಟ್ಟಲಿಲ್ಲ. ಇನ್ನಾರಿಗೂ ಅದನ್ನು ಹಾಕಿಕೊಳ್ಳುವ ಧೈರ್ಯ ಬರಲಿಲ್ಲ. ನಡಾವಳಿ ಪುಸ್ತಕದ ಜೊತೆ ಅದೂ ಕಾರ್ಯದರ್ಶಿಯ ವಶದಲ್ಲೇ ಉಳಿಯಿತು.

ಆ ಸಭೆಯಲ್ಲಿದ್ದವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಮೊನ್ನೆ ಟ್ರಂಕಿನ ತಳದಿಂದ ಪುಸ್ತಕ ತೆಗೆದು, ಆ ಸಾಲನ್ನು ಹುಡುಕಿ, ಅದರ ಕೆಳಗೆ ಬರೆದೆ: "ತಪ್ಪು ಕಾರ್ಯದರ್ಶಿಯದು." ಸಹಿ ಹಾಕಿದೆ. ಅಕ್ಷರ ಸೊಟ್ಟಗಾಯಿತು. ಇನ್ನೊಂದು ಪ್ರತಿ ಮಾಡಲಿಲ್ಲ. ಅವತ್ತು ಏಳದವನು ಈಗ ಎದ್ದು ನಿಂತು, ಬಾಗಿಲಲ್ಲಿದ್ದ ಹೆಂಡತಿಗೆ ಅದನ್ನು ಓದಿ, ನಡೆದದ್ದನ್ನೆಲ್ಲ ಹೇಳಿದೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದಳು.

ಪೇಟ ಮೇಜಿನ ಮೇಲೆ, ಪತ್ರಿಕೆಯ ಪಕ್ಕದಲ್ಲೇ ಇತ್ತು.

"ಹೆದ್ರಿದ್ದೆ," ಎಂದೆ.