ದೊರೆಯ ಕಿವಿ

ಪಕ್ಕದ ಮನೆಯವರು ಹೊಸ ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದಾಗಲೆಲ್ಲ ನಾನು ಅಡುಗೆಮನೆಯ ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಆ ಹೊಗೆಯ ಬೆನ್ನಿಗೇ ಇನ್ನೊಂದು ವಾಸನೆ ಬರಬೇಕು: ಹರಳೆಣ್ಣೆ ಹತ್ತಿದ ಒದ್ದೆ ಕೂದಲಿನದು, ಒಲೆಯ ಮುಂದೆ ಆರುತ್ತಿರುವ ಕಂಬಳಿಯಂಥದ್ದು. ಬರುವುದಿಲ್ಲ. ಅದು ಗಾವಡಗೆರೆಯ ನಮ್ಮ ಬಚ್ಚಲಿನಲ್ಲೇ ಉಳಿದುಹೋಯಿತು. ಆ ಬಚ್ಚಲೂ ಈಗಿಲ್ಲ.

ನನ್ನನ್ನು ಹೆತ್ತ ಹದಿನೈದು ದಿನಕ್ಕೆ ಅವ್ವ ತೀರಿಕೊಂಡಳಂತೆ. ಅವಳ ಅಕ್ಕ ಕೆಂಪಮ್ಮ, ನಾನು ದೊಡ್ಡವ್ವ ಎನ್ನುತ್ತಿದ್ದವಳು, ನನ್ನನ್ನು ಮಡಿಲಿಗೆ ಹಾಕಿಕೊಂಡಳು. ಅವಳಿಗೆ ಗಂಡನೂ ಉಳಿದಿರಲಿಲ್ಲ, ಮಕ್ಕಳೂ ಆಗಿರಲಿಲ್ಲ. ಆದರೆ ಊರಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ನೀರು ಹಾಕಲು ಅವಳೇ ಬೇಕು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಮೈಗೆಲ್ಲ ಎಣ್ಣೆ ತೀಡಿ, ಮೂಗು ನೆಟ್ಟಗಾಗಲೆಂದು ಎರಡು ಬೆರಳಲ್ಲಿ ಮೆತ್ತಗೆ ಎಳೆದು, ಬಿಸಿನೀರು ಹೊಯ್ದು, ಕಿವಿಗೆ ಎರಡು ತೊಟ್ಟು ಎಣ್ಣೆ ಬಿಟ್ಟರೆ ಅವಳ ಕೆಲಸ ಮುಗಿಯಿತು. ಅಷ್ಟು ಮನೆಗಳ ಮಕ್ಕಳ ಅಳು ಕೇಳಿ ಬಂದವಳಿಗೆ ನಮ್ಮ ಮನೆ ಬಿಕೋ ಎನ್ನುತ್ತಿತ್ತು. ನಾನು ಶಾಲೆಗೆ ಹೋದ ಮೇಲೆ ಅವಳು ಒಲೆಯ ಜೊತೆ ಮಾತಾಡುತ್ತಿದ್ದಳು.

ನಮ್ಮೂರ ಹತ್ತಿರ ಟಿಬೆಟಿನಿಂದ ಬಂದವರು ನೆಲೆಸಿದ್ದ ಕ್ಯಾಂಪಿನಲ್ಲಿ ಮುಸುಕಿನ ಜೋಳ ಮುರಿಯಲು ಹೋಗಿದ್ದ ಅವಳು ಒಂದು ಸಂಜೆ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಳು. ಹೊಲದ ಒಡತಿ, ಅಲ್ಲಿನ ಅಜ್ಜಿ, ಕೊಟ್ಟ ನಾಯಿಮರಿ. ಗೋದಿ ಬಣ್ಣ, ಚಪ್ಪಟೆ ಮೂತಿ, ಕೂದಲು ಇಳಿಬಿದ್ದ ಕಿವಿ, ಬೆನ್ನ ಮೇಲೆ ಮಡಚಿಟ್ಟ ಕುಚ್ಚಿನಂಥ ಬಾಲ. ಅದರ ತಳಿ ಟಿಬೆಟನ್ ಸ್ಪ್ಯಾನಿಯಲ್ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಸ್ವಲ್ಪ ಬೆಳೆದದ್ದೇ ಅದು ಜಗಲಿಗೆ ಹಾರಿ, ಅಲ್ಲಿಂದ ರಾಗಿ ಚೀಲದ ಮೇಲೆ ಹಾರಿ, ಮುಂಗಾಲು ಮಡಚಿ ಕೂತು ಬೀದಿಯನ್ನೆಲ್ಲ ನೋಡುತ್ತಿತ್ತು. ಅದಕ್ಕೇ ದೊರೆ ಎಂದು ಹೆಸರಿಟ್ಟೆವು.

ಟಿಬೆಟಿನ ಅಜ್ಜಿ ಕೊಡುವಾಗಲೇ ತನ್ನ ಅರೆಗನ್ನಡದಲ್ಲಿ ಹೇಳಿದ್ದಳಂತೆ, "ಕಿವಿ ನೀರು ಬೇಡ. ಒಣ ಬಟ್ಟೆ. ಒಣ." ದೊಡ್ಡವ್ವ ಅದನ್ನು ನನಗೆ ಹೇಳಿ ನಕ್ಕಳು. "ಈ ಊರ ಅರ್ಧ ಮಕ್ಳು ನನ್ ಕಾಲ್ ಮ್ಯಾಲೆ ಬೆಳ್ದವೆ. ನಂಗೇ ಏಳ್ಕೊಡ್ತಾಳೆ ಕಣೆ ಆ ಅಜ್ಜಿ!"

ಹೀಗೆ ದೊರೆಗೂ ವಾರಕ್ಕೊಮ್ಮೆ ಎಣ್ಣೆನೀರು ಶುರುವಾಯಿತು. ಕಾಲ ಮೇಲೆ ಅಂಗಾತ ಮಲಗಿ ಅವನು ಕಣ್ಣು ಮುಚ್ಚಿಬಿಡುತ್ತಿದ್ದ. ಅವನ ಮೊಂಡ ಮೂಗನ್ನೂ ದೊಡ್ಡವ್ವ ಎಳೆಯುತ್ತಿದ್ದಳು. ಎದುರುಮನೆಯ ಚಿಕ್ಕಣ್ಣ ಬೇಲಿಯ ಆಚೆಯಿಂದ ಕೂಗಿದ, "ಏನ್ ಕೆಂಪಮ್ಮಕ್ಕ, ನಾಯಿಗೂ ಮೂಗ್ ಎತ್ತೀಯಾ?"

"ನಿನ್ ಮೂಗ್ ಎತ್ತಿದ್ದೂ ಈ ಕೈಯೇ ಕಣ್ಲಾ. ಕನ್ನಡಿ ನೋಡ್ಕೋ ಓಗು. ಇವ್ನೇ ವಾಸಿ, ನಿನ್ನಂಗೆ ಕಿರುಚಾಕಿಲ್ಲ."

ಆ ಬಚ್ಚಲಿನಲ್ಲಿ ಅಷ್ಟು ನಗು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಮಳೆಗಾಲ ಬಂದಾಗ ದೊರೆ ತಲೆ ಒದರತೊಡಗಿದ. ಕಿವಿಯಿಂದ ಹುಳಿ ವಾಸನೆ. ದೊಡ್ಡವ್ವ ಇನ್ನೆರಡು ತೊಟ್ಟು ಬೆಚ್ಚನೆಯ ಎಣ್ಣೆ ಬಿಟ್ಟಳು. ವಾರ ಕಳೆದು ಹುಣಸೂರಿಗೆ ಹೊತ್ತುಕೊಂಡು ಹೋದೆವು. ದನದ ಡಾಕ್ಟರು ಆ ಇಳಿಬಿದ್ದ ಕಿವಿಯನ್ನು ಎತ್ತಿ ನೋಡಿ, ಎಣ್ಣೆ ಹಾಕಿದ್ದು ಯಾರು ಎಂದರು. "ನಾನೇ ಸ್ವಾಮಿ," ಎಂದಳು. ಗಾಳಿಯಾಡದ ಕಿವಿ, ಒದ್ದೆ ನಿಂತು ಒಳಗೇ ಕೊಳೆತಿದೆ ಎಂದು ಹೇಳಿ ಔಷಧ ಕೊಟ್ಟರು. ಕೀವು ಹೋಯಿತು. ಆದರೆ ಒಂದು ಬೆಳಗ್ಗೆ ರಾಗಿ ಚೀಲದ ಮೇಲೆ ಕೂತಿದ್ದವನ ಹಿಂದೆ ನಿಂತು ದೊಡ್ಡವ್ವ ಕರೆದಳು, "ದೊರೇ, ಬಾರಪ್ಪಾ." ಅವನು ಬೀದಿಯನ್ನೇ ನೋಡುತ್ತಿದ್ದ. ಇನ್ನೊಮ್ಮೆ ಕರೆದಳು. ಮೂರನೆಯ ಸಲ ಕರೆಯಲಿಲ್ಲ.

ಆ ತಿಂಗಳೇ ಚಿಕ್ಕಣ್ಣನ ಹೆಂಡತಿಗೆ ಹೆರಿಗೆಯಾಯಿತು. ಕರೆಯಲು ಬಂದವರಿಗೆ ದೊಡ್ಡವ್ವ ಬಾಗಿಲಲ್ಲೇ ನಿಂತು, "ಬ್ಯಾರೆಯೋರ್ನ ನೋಡ್ಕಳ್ರವ್ವ. ನನ್ ಕೈ ಮ್ಯಾಲೆ ನಂಗೇ ನಂಬ್ಕೆ ಇಲ್ಲ," ಎಂದುಬಿಟ್ಟಳು. ಮತ್ತೆ ಯಾವ ಕೂಸಿಗೂ ಅವಳು ಕಾಲು ಚಾಚಲಿಲ್ಲ. ದಿನವೂ ಎಳೆಬಿಸಿಲಿನಲ್ಲಿ ದೊರೆಯ ಕಿವಿ ಮೇಲೆತ್ತಿ ಹಿಡಿದು ಗಾಳಿಯಾಡಿಸುವಳು, ಬೆರಳಿಗೆ ಒಣ ಬಟ್ಟೆ ಸುತ್ತಿ ಒರೆಸುವಳು, ಕಿವಿಯ ಹಿಂದಿನ ಸಿಕ್ಕನ್ನು ನನ್ನ ಬಾಚಣಿಗೆಯಲ್ಲೇ ಬಿಡಿಸುವಳು. ಒಂದು ದಿನ ಅವಳ ಕೈಯಿಂದ ಒನಕೆ ಜಾರಿ ಬಿತ್ತು. ಆಚೆ ಮೂಲೆಯಲ್ಲಿ ಮಲಗಿದ್ದ ದೊರೆ ತಟ್ಟನೆ ತಿರುಗಿದ. ಮಣ್ಣಿನ ನೆಲ ಅವನಿಗೆ ಸುದ್ದಿ ಮುಟ್ಟಿಸಿತ್ತು. ಅಂದಿನಿಂದ ಅವಳು ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಬಡಿದರೆ ಎಲ್ಲಿದ್ದರೂ ಓಡಿ ಬರುತ್ತಿದ್ದ. ಕರೆದಷ್ಟು ಸಲವೂ ಅವಳ ಕಣ್ಣು ತುಂಬುತ್ತಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ದೊಡ್ಡವ್ವ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಜನ ಚದುರಿದರು. ದೊರೆ ನಡುಮನೆಯಲ್ಲಿ ಗಲ್ಲವನ್ನು ನೆಲಕ್ಕೆ ಅಂಟಿಸಿ ಮಲಗಿದ್ದ. ಅನ್ನ ಮುಟ್ಟಲಿಲ್ಲ. ನಾನು ಅವನ ಹಿಂದೆ ನಿಂತು, ಅವಳ ಹಾಗೆಯೇ, ಹಿಮ್ಮಡಿಯಿಂದ ಎರಡು ಸಲ ಬಡಿದೆ. ಅವನು ಚಂಗನೆ ಎದ್ದು ತಿರುಗಿದ. ನನ್ನನ್ನು ನೋಡಿದ. ನನ್ನನ್ನು ದಾಟಿ ಬಚ್ಚಲ ಬಾಗಿಲನ್ನು ನೋಡಿದ, ತುಂಬ ಹೊತ್ತು. ಆಮೇಲೆ ಮೆಲ್ಲಗೆ ಗಲ್ಲವನ್ನು ಮತ್ತೆ ನೆಲಕ್ಕಿಟ್ಟ.

ನಾನು ಅವನ ಪಕ್ಕದಲ್ಲೇ ಕೂತು, ಬೆರಳಿಗೆ ಒಣ ಬಟ್ಟೆ ಸುತ್ತಿಕೊಂಡೆ.